ಮುನ್ನೂರ ಹನ್ನೆರಡು ಪಾಸ್‌ವರ್ಡ್

ಮಾರ್ಚ್ 3, ಸೋಮವಾರ

ನಮ್ಮ ಅಂಗಡಿಯ ಕಂಪ್ಯೂಟರ್‌ಗಳು ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುತ್ತಿವೆ. ಇದು ಅನ್ಯಾಯ. ಇದಕ್ಕಿಂತ ಮೆತ್ತಗಿನ ಪದ ಹುಡುಕುವುದಿಲ್ಲ.

ಬೆಳಿಗ್ಗೆ ಎಂದಿನಂತೆ ಶಟರ್ ಎತ್ತಿ, ಜೆರಾಕ್ಸ್ ಮೆಷಿನ್‌ಗೆ ಹಾಳೆ ತುಂಬಿ, ಮೂರೂ ಕಂಪ್ಯೂಟರ್ ಆನ್ ಮಾಡಿದ್ದೆ. ಮಾವ ಇನ್ನೂ ಬಂದಿರಲಿಲ್ಲ. ಟೈಲರ್ ಅಕ್ಕ ಬಂದರು. ಎದುರು ಸಾಲಿನಲ್ಲಿ ಅವರ ಹೊಲಿಗೆ ಮೆಷಿನ್. ಲ್ಯಾಬ್ ತರಬೇತಿಗೆ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಾರೆ. ವಯಸ್ಸು ಮೂವತ್ತನಾಲ್ಕು, ಮಿತಿ ಮೂವತ್ತೈದು. ಇದೇ ಕೊನೆಯ ಸಲ. ಪಟ್ಟಿ ಬಂತೇ ಎಂದು ನೋಡಲು ವಾರಕ್ಕೆರಡು ಬಾರಿ ಬರುತ್ತಾರೆ. ಗೋಡೆ ಪಕ್ಕದ ಮೂರನೇ ಕಂಪ್ಯೂಟರಿಗೆ ಕೂರಿಸಿದೆ. ಪುಟ ಪೂರ್ತಿ ತೆರೆಯುವ ಮೊದಲೇ ಬದಿಯಲ್ಲಿ ಕಿವಿಯ ಮೆಷಿನ್‌ನ ಜಾಹೀರಾತು. ಕೆಳಗೆ ಇನ್ನೊಂದು. ಮೇಲೆ ಮತ್ತೊಂದು.

“ಏನಮ್ಮ ಇದು, ನನಗೆ ಕಿವಿ ಕೇಳಿಸಲ್ಲ ಅಂತ ಇದಕ್ಕೆ ಯಾರು ಹೇಳಿದ್ದು?”

ನಕ್ಕೆ. ಆಮೇಲೆ ನೆನಪಾಯಿತು — ಶನಿವಾರ ಅದೇ ಕುರ್ಚಿಯಲ್ಲಿ ರಿಟೈರ್ಡ್ ಮೇಷ್ಟ್ರು ಅರ್ಧ ಗಂಟೆ ಕೂತಿದ್ದರು. ಪರದೆಗೆ ಮೂಗು ತಾಗಿಸಿಕೊಂಡು. ಏನು ನೋಡುತ್ತಿದ್ದಾರೆಂದು ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಈಗ ಕೇಳದೆಯೇ ತಿಳಿದುಹೋಯಿತು. ನನಗೂ, ಟೈಲರ್ ಅಕ್ಕನಿಗೂ. ಮೇಷ್ಟ್ರು ಮನೆಯಲ್ಲೂ ಹೇಳಿಕೊಂಡಿರಲಾರರು — ಮೊನ್ನೆಯಷ್ಟೇ ಮಾವ ಎರಡು ಸಲ ಕರೆದಾಗ “ಏನೋ ಯೋಚನೇಲಿದ್ದೆ” ಎಂದು ಸುಳ್ಳು ಹೇಳಿದ್ದರು.

ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿಗೆ ನಾನೇ ಪ್ರಿಂಟ್ ಹಾಕಿ ಸ್ಟೇಪಲ್ ಹೊಡೆದ ಹದಿನೇಳು ಕಿರುಹೊತ್ತಿಗೆಗಳಿವೆ. ಅದರಲ್ಲಿ, ಬ್ರೌಸರ್‌ಗಳು ಹೀಗೆ ನಮ್ಮ ಬೆನ್ನು ಹತ್ತುವುದರ ಬಗ್ಗೆಯೇ ಮೂರು. ಓದಿ ತಲೆಯಾಡಿಸಿ ಇಟ್ಟಿದ್ದೆ. ನಾಚಿಕೆಗೇಡು. ನನ್ನ ಮೂಗಿನ ಕೆಳಗೇ ನಡೆಯುತ್ತಿತ್ತು!

ಮಾರ್ಚ್ 4, ಮಂಗಳವಾರ

ಅಮ್ಮನ ತಮ್ಮ ಎಂದು ರಿಯಾಯಿತಿ ತೋರಿಸಲಿಲ್ಲ. ಅಂಗಡಿಯ ಮಾಲೀಕರಿಗೆ ಹೇಳುವಂತೆಯೇ ಹೇಳಿದೆ.

“ಬ್ರೌಸರ್ ಬದಲಾಯಿಸ್ಬೇಕು ಮಾವ.”

“ಯಾಕೆ, ಕೆಟ್ಟೋಯ್ತಾ?”

“ಇಲ್ಲ, ಚೆನ್ನಾಗೇ ಕೆಲಸ ಮಾಡ್ತಿದೆ. ಯಾರ ಕೆಲಸ ಅನ್ನೋದೇ ಪ್ರಶ್ನೆ.”

ಕನ್ನಡಕ ಹಣೆಗೇರಿಸಿದರು. “ಶುರುವಾಯ್ತು ನಮ್ಮ ಕ್ರಾಂತಿಯ ಭಾಷಣ. ಆ ಪ್ರಿಂಟರ್‌ಗೆ ಮೊದಲು ಹಾಳೆ ಹಾಕಮ್ಮ ತಾಯಿ, ಆಮೇಲೆ ಪ್ರಪಂಚ ಬದಲಾಯಿಸೋಣ.”

“ಎರಡೂ ಮಾಡ್ತೀನಿ.”

“ಆ ಚಿತ್ರ ಎಲ್ಲಿದೆ, ಎಲ್ಲಿ ಒತ್ತಬೇಕು ಅಂತ ಜನಕ್ಕೆ ಗೊತ್ತಾಗೋಕೇ ಐದು ವರ್ಷ ಹಿಡೀತು. ಮತ್ತೆ ಒಂದರಿಂದ ಪಾಠ ಮಾಡೋಳು ನೀನಾ?”

“ನಾನೇ.”

ಒಪ್ಪಂದ: ಮೂರನೇ ಕಂಪ್ಯೂಟರ್ ಮಾತ್ರ. ಒಂದು ವಾರ. ಯಾರಾದರೂ ಗೊಣಗಿದರೆ ಹಳೆಯದೇ ವಾಪಸ್.

ಹೊಸ ಬ್ರೌಸರ್ ಇಳಿಯಲು ಹನ್ನೊಂದು ನಿಮಿಷ. ಕಂಪನಿಯ ಸ್ವತ್ತಲ್ಲ, ಯಾರೋ ಎಲ್ಲೆಲ್ಲೋ ಕೂತು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹೇಗೆ ಮಾಡಿದ್ದಾರೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನೋಡಿದೆ. ಒಂದು ಸಾಲೂ ಅರ್ಥವಾಗಲಿಲ್ಲ. ಆದರೂ ಮುಚ್ಚಿಟ್ಟಿಲ್ಲವಲ್ಲ! ತೆರೆದೊಡನೆ ಕೇಳಿತು — ಹಳೆಯದರಿಂದ ಎಲ್ಲವನ್ನೂ ತರಲೇ? ನೋಡಿದ ಪುಟಗಳು, ಗುರುತು ಹಾಕಿದವು, ಪಾಸ್‌ವರ್ಡ್‌ಗಳು…

‘ಬೇಡ’ ಒತ್ತಿದೆ. ಹಳೇ ಮನೆಯ ಧೂಳನ್ನು ಯಾರಾದರೂ ಹೊಸ ಮನೆಗೆ ಹೊತ್ತು ತರುತ್ತಾರೆಯೇ?

ಬೋಳು ಪುಟ. ಮೇಲೊಂದು ಪಟ್ಟಿ, ಅಷ್ಟೇ. ಎಷ್ಟು ಹೊತ್ತು ನೋಡುತ್ತ ಕೂತೆನೋ.

ಮಾರ್ಚ್ 5, ಬುಧವಾರ

ಆ್ಯಡ್-ಆನ್ ಎಂದರೆ ಇದು: ಬ್ರೌಸರ್‌ಗೆ ನಮಗೆ ಬೇಕಾದ ಕೈಕಾಲು ಜೋಡಿಸುವುದು. ಸಾವಿರಾರು ಇವೆ. ಯಾರಿಗೋ ಏನೋ ಬೇಕೆನ್ನಿಸಿ ಮಾಡಿ ಇಟ್ಟಿರುವುದು. ಮೊದಲಿಗೆ ಜಾಹೀರಾತನ್ನೂ ಬೆನ್ನು ಹತ್ತುವವರನ್ನೂ ತಡೆಯುವುದೊಂದನ್ನು ಹಾಕಿದೆ. ಮೂಲೆಯಲ್ಲಿ ಅಂಗೈ ಚಿತ್ರ, ಅದರ ಮೇಲೆ ಸಂಖ್ಯೆ — ಎಷ್ಟು ಜನರನ್ನು ಬಾಗಿಲಲ್ಲೇ ನಿಲ್ಲಿಸಿತು ಎಂದು.

ಒಂದು ಸುದ್ದಿಯ ಪುಟ ತೆರೆದೆ. ಅರವತ್ಮೂರು. ಒಂದೇ ಪುಟಕ್ಕೆ! ಕೂಗಿ ಮಾವನನ್ನು ಕರೆದೆ.

“ಇಷ್ಟೂ ಜನ ನಮ್ಮಂಗಡೀಗೆ ಬಂದು ಹೋಗ್ತಿದ್ರಾ?”

“ದಿನಾ.”

“ಒಬ್ರೂ ಒಂದು ಜೆರಾಕ್ಸ್ ಮಾಡಿಸ್ಲಿಲ್ವಲ್ಲೇ!”

ಹಗುರ ಮಾಡಿಬಿಡುತ್ತಾರೆ. ಆದರೆ ನನಗೆ ಹೇಳದೆ ಮಧ್ಯಾಹ್ನ ತಾವೇ ಕೂತು ಹವಾಮಾನದ ಪುಟ ತೆರೆದು ಸಂಖ್ಯೆ ನೋಡಿದರು. ನಲವತ್ತೊಂದು.

ಮಾರ್ಚ್ 7, ಶುಕ್ರವಾರ

ಎರಡು ದಿನ ಇದೇ ಹುಚ್ಚು. ಹದಿನಾಲ್ಕು ಆ್ಯಡ್-ಆನ್ ಆಗಿದೆ. ಬಣ್ಣಬಣ್ಣದ ಖಾನೆ ಮಾಡುವುದು — ಒಬ್ಬ ಗಿರಾಕಿಗೆ ಹಸಿರು, ಮತ್ತೊಬ್ಬರಿಗೆ ಕಿತ್ತಳೆ. ಒಬ್ಬರದು ಇನ್ನೊಬ್ಬರಿಗೆ ಸೋರದು. ಅಕ್ಷರ ದೊಡ್ಡದು ಮಾಡುವುದು. ಪುಟವನ್ನು ಗಟ್ಟಿಯಾಗಿ ಓದಿ ಹೇಳುವುದು. ಮುಚ್ಚಿದೊಡನೆ ಎಲ್ಲ ಗುರುತು ಅಳಿಸುವುದು. ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯ ಬದಲು ಅಕ್ಷರವನ್ನೇ ತೋರಿಸುವುದು — ಇದು ಮೇಷ್ಟ್ರಿಗಾಗಿ, ಅವರು ಪ್ರತಿಸಲ ಒಂದಕ್ಷರ ತಪ್ಪು ಹೊಡೆಯುತ್ತಾರೆ. ಚಿತ್ರಗಳನ್ನೆಲ್ಲ ತಲೆಕೆಳಗು ಮಾಡುವುದೂ ಒಂದಿದೆ. ಯಾತಕ್ಕೆ ಬೇಕು? ಯಾತಕ್ಕೂ ಅಲ್ಲ. ಹಾಕಿಕೊಂಡೆ.

ಹನ್ನೊಂದು ಗಂಟೆಗೆ ಬ್ಯಾಂಕಿನ ಪುಟ ತೆರೆಯಲೇ ಇಲ್ಲ. ಬಿಳಿ ಪರದೆ. ಮೂರು ಜನ ಕಾಯುತ್ತಿದ್ದರು. ಮಾವ ಕೆಮ್ಮಿದರು.

ಯಾವುದರ ಕೆಲಸ ಇದು? ಏಳನ್ನು ಆಫ್ ಮಾಡಿದೆ — ತೆರೆಯಿತು. ಹಾಗಾದರೆ ಕಳ್ಳ ಈ ಏಳರಲ್ಲಿ. ಅದರಲ್ಲಿ ಮೂರು ಹಚ್ಚಿದೆ… ಹೀಗೆ ನಾಲ್ಕೇ ಸುತ್ತಿನಲ್ಲಿ ಸಿಕ್ಕಿತು. ಎಂಥ ಸೊಗಸಾದ ಉಪಾಯ! ಹುಡುಕುವ ಖುಷಿಯಲ್ಲಿ ಕಾಯುವವರನ್ನೇ ಮರೆತಿದ್ದೆ.

ಆದರೆ ಆ ನೆಪದಲ್ಲಿ ಒಂದೊಂದರ ವಿವರ ಓದಿದೆ. ಹಾಕುವಾಗ ಓದಿರಲಿಲ್ಲ. ‘ನೀವು ತೆರೆಯುವ ಎಲ್ಲ ಪುಟಗಳ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅನುಮತಿ.’ ತಲೆಕೆಳಗು ಮಾಡುವುದಕ್ಕೂ ಇದೇ ಅನುಮತಿ! ಯಾರು ಮಾಡಿದ್ದೆಂದು ನೋಡಿದರೆ ಹೆಸರಿಲ್ಲ, ವಿಳಾಸವಿಲ್ಲ. ಕಾವಲಿಗೆಂದು ನಾನೇ ಕರೆದು ಒಳಗೆ ಕೂರಿಸಿದ್ದೆ.

ಎಂಟನ್ನು ಕಿತ್ತೆಸೆದೆ. ಬಹಳ ಜನ ಬಿಚ್ಚಿ ಪರೀಕ್ಷಿಸಿದ ಆರು ಉಳಿದವು.

ಮಾರ್ಚ್ 10, ಸೋಮವಾರ

ಗೆದ್ದೆ. ಜಾಹೀರಾತು ಹೋದ ಮೇಲೆ ಪುಟಗಳು ಬೇಗ ತೆರೆಯುತ್ತವೆ, ಸಾಲು ಬೇಗ ಕರಗುತ್ತದೆ. ಮಾವ ಸೋತದ್ದು ಅದಕ್ಕೆ; ನನ್ನ ಮಾತಿಗಲ್ಲ. ಇರಲಿ. “ಮೂರಕ್ಕೂ ಅದನ್ನೇ ಹಾಕು” ಎಂದು ಟೋನರ್ ತರಲು ಹೋದರು.

ಹಳೆಯದನ್ನು ತೆಗೆಯುವ ಮೊದಲು ಒಳಗೆ ಇಣುಕಿದೆ. ‘ಉಳಿಸಿದ ಪಾಸ್‌ವರ್ಡ್‌ಗಳು’ ಎಂಬ ಒಂದು ಸಾಲು. ಒತ್ತಿದೆ.

ಮುನ್ನೂರ ಹನ್ನೆರಡು.

ಮೂರು ಕಂಪ್ಯೂಟರಿನಲ್ಲೂ ಇದೇ ಪಟ್ಟಿ, ಅಂಗಡಿಗೆ ಬಂದವರೆಲ್ಲರದು. ಆಸ್ಪತ್ರೆ, ಪಿಂಚಣಿ, ಪರೀಕ್ಷೆ, ಮದುವೆಯ ಸಂಬಂಧ ನೋಡುವ ಪುಟ. ಪ್ರತಿಯೊಂದರ ಪಕ್ಕ ಒಂದು ಕಣ್ಣಿನ ಚಿತ್ರ, ಒತ್ತಿದರೆ ಕಾಣುತ್ತದೆ. ಎರಡನ್ನು ಒತ್ತಿ ನೋಡಿದೆ. ಪರರ ಜೇಬಿಗೆ ಕೈ ಹಾಕಿದಂತಾಯಿತು. ನಿಲ್ಲಿಸಿದೆ.

‘ಎಲ್ಲವನ್ನೂ ಅಳಿಸಲೇ? ಮರಳಿ ಪಡೆಯಲಾಗದು.’

ಒಂದು ಕ್ಷಣವೂ ಯೋಚಿಸಲಿಲ್ಲ. ಮೂರರಲ್ಲೂ ಅಳಿಸಿದೆ. ಹಳೆಯದನ್ನೇ ಕಿತ್ತು ಹಾಕಿದೆ. ಮುನ್ನೂರ ಹನ್ನೆರಡು ಜನ ಇವತ್ತು ಬಿಡುಗಡೆಯಾದರು, ಅವರಿಗೇ ಗೊತ್ತಿಲ್ಲದೆ! ಮನೆಗೆ ಹಾಡಿಕೊಂಡು ಬಂದೆ. ಅಮ್ಮ “ಏನು, ಸಂಬಳ ಜಾಸ್ತಿ ಮಾಡಿದ್ನಾ?” ಎಂದರು.

ಮಾರ್ಚ್ 12, ಬುಧವಾರ

ನಿನ್ನೆ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ.

ನಿನ್ನೆ ಏಳು ಜನ ಬಂದರು. ನಿಮ್ಮ ಪಾಸ್‌ವರ್ಡ್ ಏನು ಎಂದೆ. ಏಳೂ ಜನ, ಬೇರೆ ಬೇರೆ ಹೊತ್ತಿಗೆ, ಒಂದೇ ಮಾತು: “ಅದು ನಿಮ್ಮಂಗಡೀಲಿ ಇರುತ್ತಲ್ಲ?”

ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಹೋದವರಂತೆ. ಯಾರಿಗೂ ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ. ಖಾತೆ ಮಾಡಿಕೊಟ್ಟದ್ದು ಮಾವ, ಪಾಸ್‌ವರ್ಡ್ ಇಟ್ಟದ್ದು ಮಾವ, ನೆನಪಿಟ್ಟದ್ದು ಆ ಬ್ರೌಸರ್. ಹೋದ ವಾರ ಗೊತ್ತಾಗಲಿಲ್ಲ — ಖಾತೆಯ ಕೆಲಸದವರನ್ನು ಮಾವ ಉಳಿದೆರಡು ಕಂಪ್ಯೂಟರಿಗೇ ಕೂರಿಸುತ್ತಿದ್ದರು.

ಐದು ಜನರದು ಹೇಗೋ ಆಯಿತು — ‘ಮರೆತಿದ್ದೇನೆ’ ಒತ್ತಿದರೆ ಕೋಡ್ ಬಂತು, ಮಾವನ ಫೋನಿಗೆ. ಎಲ್ಲರ ಖಾತೆಗೂ ಮಾವನದೇ ನಂಬರ್! ಸಿಡಿದುಬಿದ್ದೆ.

“ಅವರ ಖಾತೆಗೆ ನಿಮ್ಮ ನಂಬರ್ ಯಾಕೆ ಮಾವ?”

“ಅರ್ಧ ಜನರ ಹತ್ರ ಫೋನೇ ಇರ್ಲಿಲ್ಲ. ಇನ್ನು ಕೆಲವರು ಮನೆಯೋರಿಗೆ ಗೊತ್ತಾಗ್ದೆ ಅರ್ಜಿ ಹಾಕಿದೋರು, ಕೋಡು ಗಂಡನ ಫೋನಿಗೆ ಹೋದ್ರೆ ಕಥೆ ಮುಗೀತು. ಯಾರ ನಂಬರ್ ಹಾಕ್ಲಿ? ಹೇಳು.”

ನಾನು ಪ್ರಿಂಟರ್‌ಗೆ ಹಾಳೆ ಹಾಕಲು ಹೋದೆ.

ಇವತ್ತು ಹತ್ತು ಗಂಟೆಗೆ ಟೈಲರ್ ಅಕ್ಕ ಓಡಿಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಪಟ್ಟಿ ಬಂದಿದೆ. ಸೀಟು ಸಿಕ್ಕಿದೆ! ಒಳಗೆ ಹೋಗಿ ‘ಒಪ್ಪಿದ್ದೇನೆ’ ಎಂದು ಒತ್ತಬೇಕು, ಶುಕ್ರವಾರ ಸಂಜೆ ಐದರೊಳಗೆ. ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಅವರ ಖಾತೆ ಮೂರು ವರ್ಷ ಹಳೆಯದು. ಅದರಲ್ಲಿರುವುದು ಮಾವನ ಹಳೇ ನಂಬರ್. ಅದನ್ನು ಬಿಟ್ಟು ಎರಡು ವರ್ಷವಾಯಿತು. ಕೋಡ್ ಈಗ ಯಾರ ಫೋನಿಗೆ ಹೋಗುತ್ತಿದೆಯೋ.

ಮಾವ ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. “ಇದು ನಮ್ಮದಲ್ಲ, ಜನರದ್ದು ಅಂತೀಯಲ್ಲ,” ಎಂದರು. “ಅಳಿಸೋ ಮುಂಚೆ ಆ ಜನರಲ್ಲಿ ಒಬ್ಬರನ್ನಾದ್ರೂ ಕೇಳಿದ್ಯಾ?”

ತರಬೇತಿ ಕೇಂದ್ರಕ್ಕೆ ಒಂಬತ್ತು ಸಲ ಫೋನ್ ಮಾಡಿದೆ. ಎತ್ತಿದ್ದು ಒಂದು ಸಲ. “ಎಲ್ಲ ಆನ್‌ಲೈನ್ ಕಣ್ರೀ.” ಇಟ್ಟರು.

ಮಾರ್ಚ್ 13, ಗುರುವಾರ, ಮಧ್ಯಾಹ್ನ

ಇನ್ನೊಂದು ದಾರಿ ಕಂಡಿತು! ಫೋನ್ ಇಲ್ಲದಿದ್ದರೆ ಗುಟ್ಟಿನ ಪ್ರಶ್ನೆ. ‘ನಿಮ್ಮ ಬಾಲ್ಯದ ಅತ್ಯಂತ ಆಪ್ತ ಗೆಳತಿಯ ಹೆಸರೇನು?’ ಮೂರು ಅವಕಾಶ; ತಪ್ಪಿದರೆ ಏಳು ದಿನ ಬೀಗ.

ಟೈಲರ್ ಅಕ್ಕನನ್ನು ಕರೆತಂದೆ. ಕೂರಿಸುವ ಮೊದಲು ಹೇಳಿಬಿಟ್ಟೆ — ನಾನೇ ಅಳಿಸಿದ್ದು.

“ಕೈ ತಪ್ಪಿನಿಂದಾನಾ?”

“ಇಲ್ಲ ಅಕ್ಕ. ಬೇಕಂತಲೇ. ಎಲ್ಲರಿಗೂ ಒಳ್ಳೇದಾಗ್ಲಿ ಅಂತ.”

“ಅಳತೆ ತಗೊಳ್ದೆ ಹೊಲಿದುಬಿಟ್ಟೆ ಅನ್ನು,” ಎಂದರು. ಕುರ್ಚಿ ಎಳೆದುಕೊಂಡರು. “ನಡಿ, ಹೊಲಿಗೆ ಬಿಚ್ಚೋಣ. ಏನು ಪ್ರಶ್ನೆ?”

ಒಂದು ಹೆಸರು ಹೇಳಿದರು. ಒಟ್ಟಿಗೆ ಶಾಲೆಗೆ ಹೋಗುತ್ತಿದ್ದವಳಂತೆ. ತಪ್ಪು. “ಹಾಗಾದ್ರೆ ಇನ್ನೊಬ್ಬಳು. ಜಗಳ ಆಡಿ ಮಾತು ಬಿಟ್ಟೋಳು, ಆದ್ರೂ ಆಪ್ತಳು ಅವಳೇ.” ಹೊಡೆದೆ. ತಪ್ಪು.

ಒಂದೇ ಉಳಿಯಿತು. ಆಗ ಹೊಳೆಯಿತು ಈ ಮಡ್ಡ ತಲೆಗೆ. ಪ್ರಶ್ನೆ ಇವರದು, ಉತ್ತರ ಇವರದಲ್ಲ! ಫಾರಂ ತುಂಬಿದ್ದು ಮಾವ.

“ನಿಮ್ಮನ್ನ ಕೇಳಿದ್ರಾ ಅಕ್ಕ, ಆವತ್ತು?”

“ಏನೂ ಕೇಳ್ಲಿಲ್ಲಪ್ಪ. ಪಟಪಟ ಅಂತ ತುಂಬಿದ್ರು. ನನ್ನ ಗೆಳತಿ ಯಾರು ಅಂತ ನಿಮ್ಮ ಮಾವ ಹ್ಯಾಗೆ ಬರೆದ್ರು?”

ಅದೇ ದಿನ, ಸಂಜೆ 7

ಮಾವನನ್ನು ಕೇಳಿದೆ. “ಏನೋ ಒಂದು ಹಾಕಿರ್ತೀನಿ, ಯಾರಿಗೆ ನೆನಪು” ಎಂದರು. ಎಲ್ಲರಿಗೂ ಅದನ್ನೇ ಹಾಕ್ತಿದ್ರಾ ಎಂದೆ. “ಹೂಂ, ಒಂದೇ ಆದ್ರೆ ಮರೆಯಲ್ಲ ಅಂತ.” ಹಾಗಾದ್ರೆ ಮರೆತಿಲ್ಲ? ಎಂದೆ. ಅಷ್ಟರಲ್ಲಿ ಅತ್ತೆ ಅವರ ಮಾತ್ರೆ ಡಬ್ಬಿ ಹಿಡಿದು ಬಂದರು, “ಏನು ಮರೆತರಂತೆ?” ಎನ್ನುತ್ತ. ಮಾವ ಸ್ಟೇಪ್ಲರ್ ಬಿಚ್ಚಿ ರಿಪೇರಿ ಮಾಡತೊಡಗಿದರು. ಅದು ಕೆಟ್ಟೇ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಬಲೆ ಬೀಸಿದೆ. ಮಾವನಿಗೆ ಚಿಕ್ಕವಯಸ್ಸಲ್ಲಿ ಗೆಳತಿ ಅಂತ ಯಾರಾದ್ರೂ…

ಅಮ್ಮನ ಕೈ ಮಡಚುತ್ತಿದ್ದ ಬಟ್ಟೆಯ ಮೇಲೆ ನಿಂತಿತು. “ಯಾಕೆ?”

ಎಲ್ಲ ಹೇಳಿದೆ. ಅಮ್ಮ ನಕ್ಕರು, ಆದರೆ ನಗುವಂಥ ನಗುವಲ್ಲ. “ಅಯ್ಯೋ ಹುಚ್ಚ. ಅಷ್ಟೂ ಜನರ ಫಾರಂನಲ್ಲೂ?”

“ಹೆಸರು ಹೇಳಮ್ಮ. ಅಕ್ಕನ ಸೀಟು ಹೋಗುತ್ತೆ.”

“ನನ್ನನ್ನ ಕೇಳ್ಬೇಡ. ಅವನು ಕೊಟ್ರೆ ತಗೋ. ನಾನು ಕೊಟ್ರೆ ಕದ್ದ ಹಾಗೆ.”

ಹೆಸರು ತಿಳಿಯಬೇಕೆಂಬ ಆಸೆ ಎಷ್ಟಿದೆಯೆಂದರೆ — ಬರೆಯಲು ನಾಚಿಕೆ. ಸೀಟಿಗಾಗಿ ಮಾತ್ರವಲ್ಲ. ಸುಮ್ಮನೆ ತಿಳಿಯಬೇಕು. ಆ ಅರವತ್ಮೂರು ಜನರಿಗೂ ಇದೇ ಆಸೆಯೇನೋ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 9

ಏಳೂಮುಕ್ಕಾಲಿಗೆ ಹೋದಾಗ ಶಟರ್ ಅರ್ಧ ಎತ್ತಿತ್ತು. ಮಾವ ಒಳಗೆ, ಮೂರನೇ ಕಂಪ್ಯೂಟರಿನ ಮುಂದೆ. ಇಷ್ಟು ಬೇಗ ಅವರು ಬಂದದ್ದನ್ನು ನೋಡಿಯೇ ಇಲ್ಲ.

“ತೆಗಿ ಆ ಪುಟ.”

ತೆಗೆದೆ. ಪ್ರಶ್ನೆ ಬಂತು. ಕೆಳಗೆ ಖಾಲಿ ಚೌಕ. ಆಗ ನೆನಪಾಯಿತು — ಚುಕ್ಕಿಯನ್ನು ಅಕ್ಷರ ಮಾಡುವ ಆ್ಯಡ್-ಆನ್ ಇನ್ನೂ ಇದೆ. ಉಳಿಸಿಕೊಂಡ ಆರರಲ್ಲಿ ಅದೂ ಒಂದು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವರ ಹೆಗಲ ಹಿಂದೆ, ಏನೂ ಮಾಡದೆ…

ಬಗ್ಗಿ ಮೌಸ್ ಹಿಡಿದು ಅದನ್ನು ಆಫ್ ಮಾಡಿದೆ.

“ಅದೇನು ಮಾಡಿದೆ?”

“ಅಕ್ಷರ ತೋರಿಸೋದಿತ್ತು ಮಾವ. ತೆಗೆದೆ. ಚುಕ್ಕಿ ಮಾತ್ರ ಬರುತ್ತೆ.”

ನನ್ನ ಮುಖ ನೋಡಿದರು. ನಾನು ಗೋಡೆಯತ್ತ ತಿರುಗಿ ಜೆರಾಕ್ಸ್ ದರಪಟ್ಟಿ ಓದತೊಡಗಿದೆ. ಒಂದು ಬದಿ, ಎರಡು ಬದಿ, ಬಣ್ಣ, ಲ್ಯಾಮಿನೇಷನ್. ಕೀಗಳ ಸದ್ದು. ಎಣಿಸಬಾರದು ಎಂದುಕೊಂಡೆ. ಐದು. ಎಣಿಸಿಬಿಟ್ಟೆ. ನಡುವೆ ಎಲ್ಲೂ ತಡವರಿಸಲಿಲ್ಲ ಬೆರಳು.

“ತೆರೀತು ನೋಡು,” ಎಂದರು. ಕುರ್ಚಿಯಿಂದ ಎದ್ದರು. “ಹೋಗಿ ಕರ್ಕೊಂಡು ಬಾ ಅವರನ್ನ. ನಾನು ಕಾಫಿ ಕುಡಿದು ಬರ್ತೀನಿ.”

ಟೈಲರ್ ಅಕ್ಕ ‘ಒಪ್ಪಿದ್ದೇನೆ’ ಎಂಬುದನ್ನು ತಾವೇ ಒತ್ತಿದರು. ಎಂಟೂ ಇಪ್ಪತ್ತು. ಹಸಿರು ಪಟ್ಟಿ ಬಂತು. ಎದ್ದೇಳಲಿಲ್ಲ. “ಹೊಸ ಪಾಸ್‌ವರ್ಡೂ ನಾನೇ ಇಡ್ಲಾ?”

“ನೀವೇ ಇಡ್ಬೇಕು. ಆ ಪ್ರಶ್ನೆಗೆ ಉತ್ತರಾನೂ.”

“ಹಾಗಾದ್ರೆ ನೀನು ಆ ಕಡೆ ತಿರುಗಮ್ಮ.”

ಮತ್ತೆ ದರಪಟ್ಟಿ. ಇವರದು ಬಹಳ ಉದ್ದ. ಒಂದೊಂದೇ ಕೀ ಹುಡುಕಿ ಒತ್ತುತ್ತಿದ್ದರು, ನಡುನಡುವೆ ತಮ್ಮಷ್ಟಕ್ಕೆ ನಗುತ್ತಿದ್ದರು.

ಮಾರ್ಚ್ 18, ಮಂಗಳವಾರ

ಉಳಿದವರ ಪಟ್ಟಿ ಮಾಡಿದೆ, ಮಾವನ ಹಳೆಯ ಅರ್ಜಿಗಳ ಪ್ರತಿ ನೋಡಿಕೊಂಡು. ಹೊಸ ನಂಬರಿನವು ಸುಲಭ. ಹಳೇ ನಂಬರಿನವು ನೂರಾ ನಲವತ್ತು. ಅಷ್ಟಕ್ಕೂ ಮಾವ ಆಯ್ದುಕೊಂಡದ್ದು ಅದೇ ಪ್ರಶ್ನೆ, ಅದೇ ಉತ್ತರ.

ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ. ಇವತ್ತಿಗೆ ಇಪ್ಪತ್ತೆರಡು ಮನೆ. ಮೊದಲ ವಾಕ್ಯ ಎಲ್ಲ ಕಡೆ ಒಂದೇ: ನಿಮ್ಮನ್ನು ಕೇಳದೆ ಅಳಿಸಿದೆ, ತಪ್ಪಾಯಿತು. ಇಬ್ಬರು ಬೈದರು, ಸರಿಯಾಗಿಯೇ. ಒಬ್ಬರು ಬಾಗಿಲು ಹಾಕಿದರು. ಮೇಷ್ಟ್ರು ಕೈಯನ್ನು ಕಿವಿಯ ಹತ್ತಿರ ಹಿಡಿದು ಪೂರ್ತಿ ಕೇಳಿಸಿಕೊಂಡು, “ಪಾಠ ಯಾವಾಗ ಮಾಡ್ತೀಯ?” ಎಂದರು.

ಒಂದೇ ದಿನ ಎಲ್ಲರನ್ನೂ ಕರೆದು ಮುಗಿಸಿಬಿಡೋಣ ಎಂದೆ ಮಾವನಿಗೆ. “ನೀವೇ ಕೂತು ಹೊಡೀಬೇಕಾಗುತ್ತೆ, ನೂರಾ ನಲವತ್ತು ಸಲ.”

“ಹೊಡೀತೀನಿ.” ರಬ್ಬರ್ ಬ್ಯಾಂಡ್ ಎಳೆಯುತ್ತಿದ್ದರು. “ಒಂದೇ ದಿನ ಯಾಕೆ? ವಾರಕ್ಕೆ ಹತ್ತು ಮಾಡೋಣ.”

“ಅಷ್ಟು ನಿಧಾನಾನಾ?”

“ಕೈ ನೋಯುತ್ತೆ ಕಣೇ.”

ಐದು ಅಕ್ಷರಕ್ಕೆ ಕೈ ನೋವು! ವಾದ ಮಾಡಲಿಲ್ಲ. ವಾರಕ್ಕೆ ಹತ್ತು.

ಮಾರ್ಚ್ 20, ಗುರುವಾರ

ಕರಪತ್ರ ಬರೆದೆ. ಎರಡು ಪುಟ. ಬ್ರೌಸರ್ ಎಂದರೇನು, ಯಾರು ನಮ್ಮನ್ನು ನೋಡುತ್ತಿದ್ದಾರೆ, ಆ್ಯಡ್-ಆನ್ ಹಾಕುವ ಮುನ್ನ ಏನು ಓದಬೇಕು, ಕೀಲಿ ಯಾರ ಕೈಯಲ್ಲಿರಬೇಕು. ಚೆನ್ನಾಗಿ ಬಂದಿತ್ತು. ಟೈಲರ್ ಅಕ್ಕ ನಿಂತುಕೊಂಡೇ ಓದಿದರು. “ಬಟ್ಟೆ ಜಾಸ್ತಿಯಾಯ್ತು,” ಎಂದು ಪೆನ್ನು ಕೇಳಿ ಮೊದಲ ಪುಟ ಹೊಡೆದು ಹಾಕಿದರು. ಎರಡನೆಯದರಲ್ಲಿ ಮಾವ ಮೂರು ಸಾಲು ಉಳಿಸಿದರು. ಆಮೇಲೆ ನಾನೇ ಎರಡು ತೆಗೆದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಶಟರ್ ಪಕ್ಕ ಅಂಟಿಸಿದ್ದಾಯಿತು:

ನಿಮ್ಮ ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಲು ಬನ್ನಿ — ಭಾನುವಾರ, ಮಾರ್ಚ್ 23, ಬೆಳಿಗ್ಗೆ ಹತ್ತು ಗಂಟೆಗೆ.